ರೇಷ್ಮೆಯ ಹಂದರದಲ್ಲಿ ಕೊಬ್ಬಿನ ಕೃಷಿ

ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ರೇಷ್ಮೆಹುಳುವಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಆರೇಳು ದಿನ ಅದು ಒಂದೇ ಸಮನೆ ಹಿಪ್ಪುನೇರಳೆ ಸೊಪ್ಪು ಕಡಿಯುತ್ತದೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಕೊಳವೆಬಾವಿಯ ನೀರು ನಂಬಿ ರೇಷ್ಮೆ ಮಾಡುವ ಮನೆಗಳಲ್ಲಿ ಆ ವಾರ ಯಾರಿಗೂ ನೆಟ್ಟಗೆ ನಿದ್ದೆಯಿಲ್ಲ. ಹುಳು ಹಣ್ಣಾಗಿ ಮೈ ಪಾರದರ್ಶಕವಾಗಿ ತಲೆಯೆತ್ತಿ ಆಡಿಸತೊಡಗಿದ ಕೂಡಲೇ ಆರಿಸಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಬಿಟ್ಟು ಹಾಳು ಮಾಡುತ್ತದೆ. ಎರಡು ಮೂರು ದಿನದಲ್ಲಿ ಗೂಡು ಕಟ್ಟಿ ಮುಗಿಯುತ್ತದೆ. ಬಿಡಿಸಿದ ಗೂಡು ರಾಮನಗರಕ್ಕೋ, ಶಿಡ್ಲಘಟ್ಟಕ್ಕೋ, ಗಡಿಯಾಚೆಯ ಹಿಂದೂಪುರಕ್ಕೋ ಹೋಗುತ್ತದೆ. ಅಲ್ಲಿಂದ ಮುಂದಿನದು ರೀಲರ್, ನೇಕಾರ, ಸೀರೆ ಅಂಗಡಿಗಳ ವ್ಯವಹಾರ.

ಇಂಥದೇ ಗೂಡು ಇನ್ನೊಂದು ಕೆಲಸಕ್ಕೂ ಬರುತ್ತದೆ ಎಂಬ ಸಂಗತಿ ರೇಷ್ಮೆ ಬೆಳೆಯುವವರ ಕಿವಿಗೆ ಅಷ್ಟಾಗಿ ಬಿದ್ದಿಲ್ಲ. ಅಮೆರಿಕದ ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಎಂಬ ವಿಜ್ಞಾನಿಯ ತಂಡ ರೇಷ್ಮೆ ಗೂಡನ್ನು ಕರಗಿಸಿ, ರಂಧ್ರಗಳಿಂದ ತುಂಬಿದ ಪುಟ್ಟ ಹಂದರ ಮಾಡಿ, ಅದರೊಳಗೆ ಮನುಷ್ಯರ ಕೊಬ್ಬಿನ ಕೋಶಗಳನ್ನು ಬೆಳೆಸಿದೆ. ಕೊಬ್ಬನ್ನು ಕರಗಿಸಲು ಜನ ಒದ್ದಾಡುತ್ತಿರುವ ಕಾಲದಲ್ಲಿ ಅದನ್ನು ಬೆಳೆಸುವುದೇಕೆ? ಸಕ್ಕರೆ ಕಾಯಿಲೆಯ ಗುಟ್ಟಿನ ದೊಡ್ಡ ಪಾಲು ಕೊಬ್ಬಿನಲ್ಲಿದೆ. ಆ ಗುಟ್ಟು ಬಿಡಿಸಿಕೊಳ್ಳುವ ಅಗತ್ಯ ಅಮೆರಿಕದವರಿಗಿಂತ ನಮಗೇ ಹೆಚ್ಚು.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಸುತ್ತ ಬೊಜ್ಜು. ಇದು ಪೇಟೆಯವರ ಕಾಯಿಲೆ, ಕೂತು ಉಣ್ಣುವವರ ಕಾಯಿಲೆ ಎಂಬ ಮಾತು ಈಗ ಸವಕಲಾಗಿದೆ. ಮುದ್ದೆ ಉಂಡು ಹೊಲದಲ್ಲಿ ದುಡಿದವರ ಮನೆಯಲ್ಲೂ ಮಾತ್ರೆಯ ಚೀಟಿಯಿದೆ. ಕಾಯಿಲೆ ಬಂದವರಲ್ಲಿ ಎಷ್ಟೋ ಮಂದಿ ನೋಡಲು ದಪ್ಪಗೇ ಇಲ್ಲ.

ಈ ಒಗಟನ್ನು ಜಗತ್ತಿನ ಮುಂದೆ ಒಂದೇ ಚಿತ್ರದಲ್ಲಿ ಇಟ್ಟವರು ಪುಣೆಯ ಕೆಇಎಂ ಆಸ್ಪತ್ರೆಯ ವೈದ್ಯ ಚಿತ್ತರಂಜನ ಯಾಜ್ಞಿಕ್. 2004ರಲ್ಲಿ ಅವರು ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರದೇ ಫೋಟೊವನ್ನು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ (ಬಿಎಂಐ) ಇಬ್ಬರಿಗೂ ಒಂದೇ, 22.3. ದೇಹದ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ತೂಕದ ತಕ್ಕಡಿ ಇಬ್ಬರನ್ನೂ ಸಮನೆಂದಿತ್ತು, ಒಳಗೆ ಎರಡು ಪಟ್ಟಿಗೂ ಮಿಕ್ಕಿದ ವ್ಯತ್ಯಾಸವಿತ್ತು. ತೆಳ್ಳಗೆ ಕಾಣುತ್ತ ಒಳಗೆ ಕೊಬ್ಬು ಹೊತ್ತ ಭಾರತೀಯ ದೇಹದ ಬಗ್ಗೆ ಚರ್ಚೆ ಆ ಚಿತ್ರದಿಂದ ಜೋರಾಯಿತು.

ಇದರ ಇನ್ನೊಂದು ಅಧ್ಯಾಯ ನಮ್ಮ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಫ್ತರಗಳಿದ್ದವು. ಹೆರಿಗೆ ಕೋಣೆಯಲ್ಲಿ ಶಿಸ್ತಿನಿಂದ ಅಳತೆ ಬರೆದ ಆ ದಾದಿಯರಿಗೆ ಕರ್ನಾಟಕ ಋಣಿಯಾಗಿರಬೇಕು. ಅವರ ದಫ್ತರವೇ ಮುಂದೆ ದೊಡ್ಡ ಅಧ್ಯಯನಗಳಿಗೆ ಬುನಾದಿಯಾಯಿತು. 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರ ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸುವ ಹೊಸ ಅಧ್ಯಯನವೂ ಶುರುವಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಮೈಸೂರಿನ ಕೂಸುಗಳು ಯುರೋಪಿನ ಕೂಸುಗಳಿಗಿಂತ ತೂಕದಲ್ಲಿ, ಉದ್ದದಲ್ಲಿ ಸಣ್ಣವು. ಹೆಗಲ ಹಿಂಬದಿಯಲ್ಲಿ ಚರ್ಮದಡಿಯ ಕೊಬ್ಬಿಗೆ ಮಾತ್ರ ಆ ಮಟ್ಟದ ಕೊರತೆಯಿರಲಿಲ್ಲ. 4 ವರ್ಷ ತುಂಬುವ ಹೊತ್ತಿಗೆ ಆ ಜಾಗದ ಕೊಬ್ಬು ಯುರೋಪಿನ ಮಕ್ಕಳದನ್ನು ಮೀರಿತ್ತು. ಅಂದರೆ ನಮ್ಮ ದೇಹ ಕೊಬ್ಬನ್ನು ಎಲ್ಲಿಡಬೇಕು ಎಂದು ತಾಯಿಯ ಹೊಟ್ಟೆಯಲ್ಲೇ ತೀರ್ಮಾನಿಸಿದಂತಿದೆ.

ಬರದ ಸೀಮೆಯವರಿಗೆ ಈ ಮಾತು ಬೇಗ ನಾಟಬೇಕು. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತು. ಪಾವಗಡದಂಥ ತಾಲ್ಲೂಕಿಗೆ ಬರ ಅಲ್ಲಿಗೆ ಮುಗಿದ ಚರಿತ್ರೆಯಲ್ಲ, ಮತ್ತೆ ಮತ್ತೆ ಬರುವ ನೆಂಟ. ಪುಣೆಯಲ್ಲಿ ಆನಂದವರ್ಧನ ಹಾರ್ಡೀಕರ್ ಮತ್ತು ಸಂಗಡಿಗರು ಇಲಿಗಳನ್ನು 50 ತಲೆಮಾರು ಅರೆಹೊಟ್ಟೆಯಲ್ಲಿ ಸಾಕಿ 2015ರಲ್ಲಿ ಫಲಿತಾಂಶ ಕೊಟ್ಟರು. ಆ ಇಲಿಗಳು ಸಕ್ಕರೆ ಕಾಯಿಲೆಗೆ ಸುಲಭದ ತುತ್ತಾಗಿದ್ದವು. ಆಮೇಲೆ ಎರಡು ತಲೆಮಾರು ಹೊಟ್ಟೆ ತುಂಬ ಹಾಕಿದರೂ ದೋಷ ಸರಿಹೋಗಲಿಲ್ಲ. ಇಲಿ ಮನುಷ್ಯನಲ್ಲ, ನಿಜ. ಆದರೂ ಅಜ್ಜ-ಮುತ್ತಜ್ಜಂದಿರ ಹಸಿವು ಮೊಮ್ಮಕ್ಕಳ ಮೈಯಲ್ಲಿ ಲೆಕ್ಕ ಕೇಳಬಹುದು ಎಂಬ ಸುಳಿವಿಗೆ ಅದು ಸಾಕು.

ಕೊಬ್ಬು ತಾನಾಗಿಯೇ ಖಳನಾಯಕನಲ್ಲ. ಹಿಂದೆ ರಾಗಿ ತುಂಬಿಡುತ್ತಿದ್ದ ಹಗೇವನ್ನು ನೆನಪಿಸಿಕೊಳ್ಳಿ. ಸುಗ್ಗಿಯಲ್ಲಿ ಮಿಕ್ಕಿದ್ದು ಒಳಗೆ ಹೋಗಬೇಕು, ಕಷ್ಟಕಾಲಕ್ಕೆ ಹೊರಗೆ ಬರಬೇಕು. ಹಗೇವು ಚಿಕ್ಕದಾಗಿ ಕಾಳು ಅಂಗಳಕ್ಕೆ ಸುರಿದರೆ ಹುಳ ಹಿಡಿಯುವುದು ಖಂಡಿತ. ಚರ್ಮದಡಿಯ ಕೊಬ್ಬಿನ ಕೋಶಗಳು ತುಂಬಿ ಇನ್ನು ಜಾಗವಿಲ್ಲ ಎಂದಾಗ ಕೊಬ್ಬು ಯಕೃತ್ತಿಗೆ, ಸ್ನಾಯುಗಳಿಗೆ, ಕರುಳಿನ ಸುತ್ತಲಿಗೆ ಹರಿಯುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿನ ಮಾತು ಅಲ್ಲಿ ನಡೆಯದಂತಾಗುತ್ತದೆ. ಇದಕ್ಕೆ ಅಚ್ಚರಿಯ ಪುರಾವೆಯೊಂದಿದೆ. ಕೊಬ್ಬೇ ಇಲ್ಲದಂತೆ ರೂಪಿಸಿದ ಇಲಿಗಳಿಗೆ ತೀವ್ರ ಸಕ್ಕರೆ ಕಾಯಿಲೆ ಬಂದಿತ್ತು. 2000ದಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತ ಇಲಿಯ ಕೊಬ್ಬನ್ನು ಅವಕ್ಕೆ ಕಸಿ ಮಾಡಿದಾಗ ಕಾಯಿಲೆ ಇಳಿಯಿತು.

ಕೊಬ್ಬಿನ ಕೋಶ ಬರೀ ಉಗ್ರಾಣವೂ ಅಲ್ಲ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿದ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನಿಂದಲೇ ಹೊರಟು ಮಿದುಳಿಗೆ 'ದಾಸ್ತಾನು ಸಾಕಷ್ಟಿದೆ' ಎಂದು ತಿಳಿಸುತ್ತದೆ. ಅಡಿಪೋನೆಕ್ಟಿನ್ ಎಂಬ ಇನ್ನೊಂದು, ಇನ್ಸುಲಿನ್ನಿಗೆ ಒತ್ತಾಸೆ ಕೊಡುತ್ತದೆ. ಕೋಶ ಅತಿಯಾಗಿ ಊದಿಕೊಂಡಾಗ ಉರಿಯೂತ ಎಬ್ಬಿಸುವ ಟಿಎನ್‌ಎಫ್-ಆಲ್ಫಾದಂಥವು ಹೊರಬೀಳುತ್ತವೆ. ದೊಡ್ಡವರಲ್ಲಿ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ವರ್ಷಕ್ಕೆ ಸುಮಾರು ಶೇ. 10ರಷ್ಟು ಸತ್ತು ಹೊಸವು ಹುಟ್ಟುತ್ತವೆ. ಸ್ಟಾಕ್‌ಹೋಮಿನ ಕರ್ಸ್ಟಿ ಸ್ಪಾಲ್ಡಿಂಗ್ 2008ರಲ್ಲಿ ಇದನ್ನು ತಿಳಿಸಿದ್ದು ಶೀತಲ ಸಮರ ಕಾಲದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಬಿಟ್ಟ ಇಂಗಾಲ-14ನ್ನು ಕೋಶಗಳೊಳಗೆ ಅಳೆದು.

ದಕ್ಷಿಣ ಏಷ್ಯಾದವರ ಕೋಶವೇ ಬೇರೆಯೇ? 2007ರಲ್ಲಿ ಅಮೆರಿಕದ ಡಲ್ಲಾಸ್‌ನಿಂದ ಬಂದ ಅಧ್ಯಯನವೊಂದು ದಕ್ಷಿಣ ಏಷ್ಯಾ ಮೂಲದ ಯುವಕರನ್ನು ಬಿಳಿಯ ಯುವಕರೊಂದಿಗೆ ಹೋಲಿಸಿತು. ಒಟ್ಟು ಕೊಬ್ಬು ಒಂದೇ ಮಟ್ಟದಲ್ಲಿದ್ದರೂ ನಮ್ಮವರಲ್ಲಿ ಇನ್ಸುಲಿನ್ನಿನ ಕೆಲಸ ಕುಂಠಿತವಾಗಿತ್ತು, ಅಡಿಪೋನೆಕ್ಟಿನ್ ಕಡಿಮೆಯಿತ್ತು, ಹೊಟ್ಟೆಯ ಚರ್ಮದಡಿಯ ಕೊಬ್ಬಿನ ಕೋಶಗಳು ಗಾತ್ರದಲ್ಲಿ ಎದ್ದು ಕಾಣುವಷ್ಟು ದೊಡ್ಡವಾಗಿದ್ದವು. ಹಾಗಾದರೆ ಆ ಕೋಶವನ್ನೇ ಹೊರತೆಗೆದು, ಜೀವಂತವಾಗಿಟ್ಟು, ತಿಂಗಳುಗಟ್ಟಲೆ ನೋಡಬೇಕಲ್ಲವೇ?

ತೊಡಕಿರುವುದು ಅಲ್ಲೇ. ಮಾರ್ಟಿನ್ ರಾಡ್‌ಬೆಲ್ 1964ರಲ್ಲೇ ಕೊಬ್ಬಿನ ತುಂಡನ್ನು ಕಿಣ್ವದಿಂದ ಬಿಡಿಸಿ ಒಂಟಿ ಕೋಶಗಳನ್ನು ಬೇರ್ಪಡಿಸುವ ವಿಧಾನ ಕೊಟ್ಟರು. ಮುಂದೆ 1994ರಲ್ಲಿ ಬೇರೊಂದು ಶೋಧಕ್ಕಾಗಿ ನೊಬೆಲ್ ಪಡೆದವರೂ ಅವರೇ. ಆದರೆ ಬಲಿತ ಕೊಬ್ಬಿನ ಕೋಶ ಅಂದರೆ ಒಂದೇ ಒಂದು ದೊಡ್ಡ ಕೊಬ್ಬಿನ ಹನಿ, ಅದರ ಸುತ್ತ ತೆಳುವಾದ ಪೊರೆ, ಒಂದು ಬದಿಗೆ ಒತ್ತರಿಸಿದ ಕೋಶಕೇಂದ್ರ. ಪ್ರಯೋಗಾಲಯದ ತಟ್ಟೆಗೆ ಹಾಕಿದರೆ ಬೇರೆ ಕೋಶಗಳು ತಳ ಹಿಡಿಯುತ್ತವೆ, ಇದು ನೀರಿನ ಮೇಲೆ ತೇಲುತ್ತದೆ. 1986ರಲ್ಲಿ ಜಪಾನಿನ ಸಂಶೋಧಕರು ಸೀಸೆಯನ್ನು ತುಂಬಿ ತಲೆಕೆಳಗು ಮಾಡಿಟ್ಟು ತೇಲಿಬಂದ ಕೋಶಗಳನ್ನು ಮೇಲ್ಭಾಗಕ್ಕೆ ಅಂಟಿಸಿ ನೋಡಿದರು. ಅಂಟಿದವು ನಿಜ, ಆದರೆ ಕೊಬ್ಬನ್ನು ಬಿಟ್ಟುಕೊಟ್ಟು ಉದ್ದುದ್ದ ಚಾಚಿ ಬೇರೆಯೇ ಬಗೆಯ ಕೋಶಗಳಾಗಿ ಮಾರ್ಪಟ್ಟವು.

ಹಾಗಾಗಿ ಜಗತ್ತು ದಶಕಗಳ ಕಾಲ ಹೆಚ್ಚಾಗಿ ನೆಚ್ಚಿಕೊಂಡದ್ದು 1970ರ ದಶಕದಲ್ಲಿ ಹೊವಾರ್ಡ್ ಗ್ರೀನ್ ಇಲಿಯ ಭ್ರೂಣದಿಂದ ಬೇರ್ಪಡಿಸಿದ 3ಟಿ3-ಎಲ್1 ಎಂಬ ಕೋಶಗಳನ್ನು. ಇನ್ಸುಲಿನ್ ಮತ್ತು ಇನ್ನೆರಡು ರಾಸಾಯನಿಕ ಹಾಕಿದರೆ ಅವು ಕೊಬ್ಬಿನ ಕೋಶಗಳಾಗುತ್ತವೆ, ಒಳಗೆ ಒಂದು ದೊಡ್ಡ ಹನಿಯ ಬದಲು ಹತ್ತಾರು ಸಣ್ಣ ಹನಿಗಳು. ಅವು ಕೂತ ಪ್ಲಾಸ್ಟಿಕ್ಕು ಕೂಡ ನಮ್ಮ ಕೊಬ್ಬಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಗಡುಸು. ಕೋಶ ತನ್ನ ಸುತ್ತಲಿನ ಮೆದು-ಗಡುಸನ್ನು ಗುರುತಿಸಿ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಜೀವ. ಚಪ್ಪಟೆ ತಟ್ಟೆಯ ಮೇಲೆ ಹರಡಿಕೊಂಡದ್ದು ಕೊಟ್ಟ ಉತ್ತರವನ್ನು ಮನುಷ್ಯನ ಸೊಂಟದ ಕೊಬ್ಬಿನ ಉತ್ತರವೆಂದು ಓದುವುದು ಅಪಾಯ. ಈ ಕೋಶಗಳಿಂದ ಕಲಿತದ್ದು ಅಪಾರ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಬ್ಬ ರೋಗಿಯ ಕೊಬ್ಬು ಇನ್ನೊಬ್ಬನದಕ್ಕಿಂತ ಯಾಕೆ ಬೇರೆ ಎಂದು ಇಲಿಯ ಕೋಶ ಹೇಳಲಾರದು.

ರೇಷ್ಮೆ ಈ ಕಥೆಯೊಳಗೆ ಬರುವುದು ಇಲ್ಲಿ. ಗೂಡಿನ ನೂಲಿನಲ್ಲಿ ಎರಡು ಪ್ರೋಟೀನುಗಳಿವೆ. ನೂಲಿನ ತಿರುಳು ಫೈಬ್ರೊಯಿನ್, ಅದನ್ನು ಬಂಧಿಸಿ ಹಿಡಿದ ಅಂಟು ಸೆರಿಸಿನ್. ಹಂದರ ಮಾಡುವ ವಿಧಾನ ಹಳ್ಳಿಯ ಕಣ್ಣಿಗೆ ಅಪರಿಚಿತವೇನಲ್ಲ. ಗೂಡನ್ನು ಕತ್ತರಿಯಿಂದ ಸೀಳಿ ಹುಳು ತೆಗೆದು, ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಅಂಟು ಬಿಡುತ್ತದೆ. ತೊಳೆದು ಒಣಗಿಸಿದ ನಾರನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಟ್ಟಿ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ನಾಲ್ಕು ಗಂಟೆ ಇಟ್ಟರೆ ಕರಗಿ ಹೊಂಬಣ್ಣದ ದ್ರವವಾಗುತ್ತದೆ. ಅದನ್ನು ಸೂಕ್ಷ್ಮ ರಂಧ್ರಗಳ ಚೀಲಕ್ಕೆ ತುಂಬಿ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿದಾಗ ಲವಣ ಹೊರಗೆ ಹೋಗಿ ಶುದ್ಧ ರೇಷ್ಮೆ ದ್ರಾವಣ ಉಳಿಯುತ್ತದೆ.

ಮುಂದಿನ ಹೆಜ್ಜೆ ಇನ್ನೂ ಸೊಗಸು. ಅರ್ಧ ಮಿಲಿಮೀಟರ್ ದಪ್ಪದ ಉಪ್ಪಿನ ಹರಳುಗಳನ್ನು ಜರಡಿ ಹಿಡಿದು, ರೇಷ್ಮೆ ದ್ರಾವಣ ತುಂಬಿದ ಪುಟ್ಟ ಬಟ್ಟಲಿಗೆ ಉದುರಿಸುತ್ತಾರೆ. ಒಂದೆರಡು ದಿನದಲ್ಲಿ ಹರಳುಗಳ ಸುತ್ತ ರೇಷ್ಮೆ ಗಟ್ಟಿಯಾಗುತ್ತದೆ. ಬಟ್ಟಲನ್ನು ನೀರಿಗೆ ಹಾಕಿದರೆ ಉಪ್ಪು ಕರಗಿ ಹೋಗುತ್ತದೆ, ಹರಳಿದ್ದಲ್ಲೆಲ್ಲ ರಂಧ್ರಗಳು ಉಳಿಯುತ್ತವೆ. ಬೆರಳಲ್ಲಿ ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ಬಿಳಿ ಸ್ಪಂಜು ಸಿದ್ಧ. ಒಳ್ಳೆಯ ದ್ವಿತಳಿ ಗೂಡಿನಿಂದ ಸುಮಾರು 1000 ಮೀಟರ್ ಎಳೆ ಬಿಚ್ಚಬಹುದು ಎಂಬುದು ರೀಲರಿಗೆ ಮುಖ್ಯ. ಇಲ್ಲಿ ಎಳೆ ತುಂಡಾದರೂ ಚಿಂತೆಯಿಲ್ಲ, ಗೂಡನ್ನು ಮೊದಲು ಕತ್ತರಿಸುವುದೇ ಕೆಲಸ. ರೇಷ್ಮೆಯನ್ನು ದೇಹ ಸಹಿಸುತ್ತದೆ ಎಂಬುದಕ್ಕೆ ಶಸ್ತ್ರಚಿಕಿತ್ಸೆಯ ಹೊಲಿಗೆಯ ದಾರವೇ ಹಳೆಯ ಸಾಕ್ಷಿ. ಅದು ನಿಧಾನಕ್ಕೆ ಜೀರ್ಣವಾಗುವುದರಿಂದ ತಿಂಗಳುಗಟ್ಟಲೆ ನಡೆಯುವ ಪ್ರಯೋಗಕ್ಕೂ ಒಗ್ಗುತ್ತದೆ.

ಈ ಹಂದರದಲ್ಲಿ ಕೊಬ್ಬು ಬೆಳೆಸುವ ಯತ್ನಗಳು 2007ರ ಸುಮಾರಿಗೇ ಪ್ರಕಟವಾಗತೊಡಗಿದವು. ಮೊದಮೊದಲು ಬಳಸಿದ್ದು ಆಕರ ಕೋಶಗಳನ್ನು (ಸ್ಟೆಮ್ ಸೆಲ್). ಬೊಜ್ಜು ಹೀರುವ ಶಸ್ತ್ರಚಿಕಿತ್ಸೆಯಲ್ಲಿ ಚೆಲ್ಲುವ ಕೊಬ್ಬಿನಲ್ಲೇ ಅಂಥ ಕೋಶಗಳಿವೆ ಎಂದು ಪೆಟ್ರೀಶಿಯಾ ಝುಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ್ದರು. 2009ರಲ್ಲಿ ಕಪ್ಲಾನ್ ತಂಡ ಅದೇ ಹಂದರದಲ್ಲಿ ರಕ್ತನಾಳದ ಒಳಪದರದ ಕೋಶಗಳನ್ನೂ ಜೊತೆಗೆ ಬೆಳೆಸಿತು. ಕೋಶಕ್ಕೆ ಆಮ್ಲಜನಕ ಸಿಗುವುದು ಹತ್ತಿರದ ರಕ್ತನಾಳದಿಂದ ಒಂದೆರಡು ನೂರು ಮೈಕ್ರಾನ್ ದೂರದೊಳಗೆ ಮಾತ್ರ. ಹಂದರ ದಪ್ಪವಾದರೆ ನಡುವಿನ ಕೋಶಗಳು ಉಸಿರುಕಟ್ಟಿ ಸಾಯುತ್ತವೆ. ಅದಕ್ಕೇ ಈ ಶ್ರಮ.

2016ರಲ್ಲಿ ರೋಸಲಿನ್ ಆ್ಯಬಟ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸ ಇವೆಲ್ಲಕ್ಕಿಂತ ಮುಂದಕ್ಕೆ ಹೋಯಿತು. ಅವರು ಆಕರ ಕೋಶದಿಂದ ಹೊಸದಾಗಿ ಕೊಬ್ಬು ಮಾಡುವ ಬದಲು ರೋಗಿಯ ಬಲಿತ ಕೊಬ್ಬನ್ನೇ ದ್ರವದಂತೆ ನುಣ್ಣಗೆ ಮಾಡಿ ರೇಷ್ಮೆ ಸ್ಪಂಜಿಗೆ ಹೀರಿಸಿದರು. ಒಂದೇ ದೊಡ್ಡ ಹನಿ ಹೊತ್ತ ನಿಜವಾದ ಕೋಶಗಳು, ಅವುಗಳ ಜೊತೆಗೆ ಎಳೆಯ ಕೊಬ್ಬಿನ ಕೋಶಗಳು, ರಕ್ತನಾಳದ ಕೋಶಗಳು ಎಲ್ಲವೂ ಒಟ್ಟಿಗೆ ಉಳಿದವು. ಹಂದರವಿಲ್ಲದ ಕೊಬ್ಬಿನ ತುಂಡು ಹೆಚ್ಚು ಕಾಲ ಬಾಳದೆ ಚದುರಿಹೋಗುವುದು. ರೇಷ್ಮೆಯ ಆಸರೆಯಲ್ಲಿ ಮೂರು ತಿಂಗಳ ಕೃಷಿ ಸಾಧ್ಯವಾಯಿತು. ಉರಿಯೂತ ಎಬ್ಬಿಸುವ ಟಿಎನ್‌ಎಫ್-ಆಲ್ಫಾ ಸೋಕಿಸಿದಾಗ ಒಬ್ಬ ರೋಗಿಯ ಕೊಬ್ಬು ಒಂದು ರೀತಿ, ಇನ್ನೊಬ್ಬನದು ಮತ್ತೊಂದು ರೀತಿ ಪ್ರತಿಕ್ರಿಯಿಸಿತು. ಈ ಕ್ಷೇತ್ರದಲ್ಲಿ ನಮಗೆ ಅತ್ಯಂತ ಮುಖ್ಯವಾದ ಫಲಿತಾಂಶ ಇದೇ ಎಂದು ಹೇಳಬೇಕು. ಔಷಧಿಯನ್ನು ರೋಗಿಯ ಮೇಲೆ ಪ್ರಯೋಗಿಸುವ ಮುಂಚೆ ಅವನದೇ ಕೊಬ್ಬಿನ ಮೇಲೆ ಪರೀಕ್ಷಿಸುವ ದಾರಿ ಅಲ್ಲಿ ಕಾಣುತ್ತದೆ.

ಇದಕ್ಕೆ ಮಿತಿಗಳೂ ಇವೆ. ಹಂದರದ ಕೊಬ್ಬಿಗೆ ನರಗಳ ಸಂಪರ್ಕವಿಲ್ಲ, ಹರಿಯುವ ರಕ್ತವಿಲ್ಲ, ಊಟ-ಉಪವಾಸದ ಏರಿಳಿತವಿಲ್ಲ. ಯಕೃತ್ತು, ಸ್ನಾಯು, ಮೇದೋಜೀರಕ ಗ್ರಂಥಿಗಳ ಜೊತೆ ಅದು ಮಾತಾಡುವುದೂ ಇಲ್ಲ. ಇವನ್ನೆಲ್ಲ ಒಂದೊಂದಾಗಿ ಜೋಡಿಸುವ ಕೆಲಸ ಇನ್ನೂ ನಡೆಯಬೇಕಾದದ್ದು.

ಕರ್ನಾಟಕಕ್ಕೆ ಇದರಲ್ಲಿ ಏನು ಪಾಲು? ಟಿಪ್ಪು ಸುಲ್ತಾನನ ಕಾಲದಲ್ಲಿ ಬೇರೂರಿದ ರೇಷ್ಮೆಯಲ್ಲಿ ಇವತ್ತಿಗೂ ದೇಶಕ್ಕೆ ಮೊದಲ ಸ್ಥಾನದಲ್ಲಿರುವ ರಾಜ್ಯ ನಮ್ಮದು. ದ್ವಿತಳಿಯ ಬಿಳಿ ಗೂಡಿನ ತಳಿಗಳನ್ನು ರೂಪಿಸಿದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಮೈಸೂರಿನಲ್ಲಿದೆ. ಬೆಂಗಳೂರಿನ ಫೈಬ್ರೋಹೀಲ್ ಕಂಪನಿ ರೇಷ್ಮೆಯ ಪ್ರೋಟೀನಿನಿಂದ ಗಾಯಕ್ಕೆ ಕಟ್ಟುವ ಪಟ್ಟಿಗಳನ್ನು ಈಗಾಗಲೇ ಮಾಡುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿಯವರ ಪ್ರಯೋಗಾಲಯ ಅಂಗಾಂಶ ಬೆಳೆಸುವ ಹಂದರಗಳ ಮೇಲೆ ಕೆಲಸ ಮಾಡುತ್ತಿದೆ. ಅದೇ ಸಂಸ್ಥೆಯಿಂದ ಹೊರಬಂದವರು ಕಟ್ಟಿದ ಪ್ಯಾಂಡೋರಂ ಕಂಪನಿ 2015ರಲ್ಲಿ ಮುದ್ರಣ ವಿಧಾನದಿಂದ ಯಕೃತ್ತಿನ ಅಂಗಾಂಶ ಮಾಡಿ ತೋರಿಸಿತು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮಕ್ಕೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮೂರು ಆಯಾಮದ ಮಾನವ ಅಂಗಾಂಶಗಳಂಥ ವಿಧಾನಗಳಿಂದ ಮಾಡಿದ ಪರೀಕ್ಷೆಯನ್ನೂ ಒಪ್ಪಿಕೊಂಡಿದೆ. ಗೂಡು ಇದೆ, ಜಾಣರಿದ್ದಾರೆ, ನಿಯಮವೂ ಇದೆ.

ಈಗ ಬೇಕಿರುವುದು ನಮ್ಮ ಜನರ ಕೊಬ್ಬು. ಅಮೆರಿಕದ ರೋಗಿಗಳು ಕೊಟ್ಟ ಕೊಬ್ಬಿನಿಂದ ಅಮೆರಿಕದ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಶಿರಾದ ಶೇಂಗಾ ಹೊಲದಲ್ಲಿ ದುಡಿದ ತೆಳ್ಳನೆಯ ಹೆಂಗಸಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ ಯಾಕೆ ಬಂತು ಎಂಬ ಪ್ರಶ್ನೆಗೆ ಅವಳಂಥವರ ಕೋಶವೇ ಉತ್ತರಿಸಬೇಕು. ಸಿಸೇರಿಯನ್, ಹರ್ನಿಯಾ, ಪಿತ್ತಕೋಶ ಎಂದು ನಮ್ಮ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ದಿನವೂ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆಗ ತೆಗೆದ ಕೊಬ್ಬಿನ ಚೂರು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲ ಸೇರಿ ಸುಟ್ಟುಹೋಗುತ್ತದೆ. ರೋಗಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆದು, ನೈತಿಕ ಸಮಿತಿಯ ಅನುಮತಿಯೊಂದಿಗೆ ಅದೇ ಚೂರನ್ನು ಪ್ರಯೋಗಾಲಯಕ್ಕೆ ಕಳಿಸಲು ಅಡ್ಡಿಯಿಲ್ಲ. ತುಮಕೂರಿನ ವೈದ್ಯಕೀಯ ಕಾಲೇಜುಗಳಿಂದ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಿಗೆ ದೂರ ಬರೀ 70 ಕಿಲೋಮೀಟರ್. ಶೀತಲ ಪೆಟ್ಟಿಗೆಯಲ್ಲಿ ಎರಡು ಗಂಟೆಯ ದಾರಿ. ಮೈಸೂರಿನ ಮಿಷನ್ ಆಸ್ಪತ್ರೆ 1934ರಲ್ಲಿ ಒಂದು ದಫ್ತರ ಮತ್ತು ತಕ್ಕಡಿಯಿಂದ ಮಾಡಿದ್ದನ್ನು ಇಂದಿನ ಕಾಲೇಜುಗಳು ಮಾಡಲಾರವು ಎಂದರೆ ನಂಬುವುದು ಕಷ್ಟ.

ಈ ಸಂಶೋಧನೆ ಫಲ ಕೊಡುವವರೆಗೆ ಓದುಗರು ಕಾಯಬೇಕಾಗಿಲ್ಲ. ಭಾರತೀಯರಿಗೆ ತೂಕದ ಸೂಚ್ಯಂಕ 23 ದಾಟಿದರೇ ಎಚ್ಚರಿಕೆ, ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಟೈಲರ್ ಟೇಪಿನಿಂದ ಮನೆಯಲ್ಲೇ ಅಳೆದುಕೊಳ್ಳಬಹುದು. 30 ವರ್ಷ ತುಂಬಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಚಿತ. ತೆಳ್ಳಗಿದ್ದೇವೆ ಎಂಬ ಧೈರ್ಯದಲ್ಲಿ ಕೂರದೆ, ಮುಂದಿನ ಸಲ ಆ ಕಡೆ ಹೋದಾಗ ಒಂದು ಹನಿ ರಕ್ತ ಕೊಟ್ಟು ಬನ್ನಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ.